ಹೊಲ ಮಾರುವ ಮುನ್ನ: ಯಕೃತ್ತಿನ ಕ್ಯಾನ್ಸರಿಗೆ ಬಂದ ಜೋಡಿ ಚಿಕಿತ್ಸೆ

ಕಳೆದ ವರ್ಷ ಮುಂಗಾರು ಬಿತ್ತನೆಯ ಹೊತ್ತು. ಹಾನಗಲ್ ತಾಲೂಕಿನ ಹಳ್ಳಿಯೊಂದರ ಯುವಕ ನನ್ನ ದವಾಖಾನೆಗೆ ಬಂದು, ಕೊನೆಯ ರೋಗಿ ಹೋಗುವವರೆಗೂ ಬಾಕಿನ ಮೇಲೆ ಕುಳಿತೇ ಇದ್ದ. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಅದರ ತುಂಬ ತಂದೆಯ ಸ್ಕ್ಯಾನಿಂಗ್ ಫಿಲ್ಮುಗಳು, ರಕ್ತಪರೀಕ್ಷೆಯ ಚೀಟಿಗಳು. ಐವತ್ತೆರಡು ವರ್ಷದ ತಂದೆಗೆ ಯಕೃತ್ತಿನ ಕ್ಯಾನ್ಸರ್ ಎಂದು ದೊಡ್ಡ ಊರಿನ ಆಸ್ಪತ್ರೆಯೊಂದರಲ್ಲಿ ಹೇಳಿದ್ದರು. ಎರಡು ಔಷಧ ಕೂಡಿಸಿ ಕೊಡುವ ಹೊಸ ಇಂಜೆಕ್ಷನ್ ಬಂದಿದೆಯಂತೆ ಎಂದು ಊರಿನವರು ಯಾರೋ ತಲೆಗೆ ತುಂಬಿದ್ದರು. ಅವನು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. "ಡಾಕ್ಟ್ರ, ಎರಡ ಎಕರೆ ಹೊಲ ಐತ್ರೀ. ಮಾರೂಣೇನ್ರೀ?"

ಕಾಗದಗಳನ್ನು ಒಂದೊಂದಾಗಿ ನೋಡುತ್ತ ಹೋದಾಗ ಚೀಲದ ತಳದಲ್ಲಿ ಹಳದಿಗಟ್ಟಿದ ಒಂದು ಚೀಟಿ ಸಿಕ್ಕಿತು. 2013ರಲ್ಲಿ ಹರ್ನಿಯಾ ಶಸ್ತ್ರಚಿಕಿತ್ಸೆಗೆ ಮುಂಚೆ ಮಾಡಿಸಿದ ರಕ್ತಪರೀಕ್ಷೆ ಅದು. ಹೆಪಟೈಟಿಸ್ ಬಿ ಪಾಸಿಟಿವ್ ಎಂದಿತ್ತು. ಅದರ ಕೆಳಗೆ ನನ್ನದೇ ಕೈಬರಹ: ಮದ್ಯ ಮುಟ್ಟಬಾರದು, ಚಿಂತೆ ಮಾಡಬೇಕಾಗಿಲ್ಲ. ಮತ್ತೆ ಯಾವಾಗ ಬರಬೇಕು ಎಂದು ನಾನು ಬರೆದಿರಲಿಲ್ಲ. ಆ ಮನುಷ್ಯ ನನ್ನ ಮಾತು ನಂಬಿ, ಮದ್ಯ ಮುಟ್ಟದೆ, ಚಿಂತೆಯನ್ನೂ ಮಾಡದೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದುಕೊಂಡಿದ್ದ.

ಆ ಯುವಕನ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ತಿಳಿದುಕೊಂಡದ್ದನ್ನೂ, ನನ್ನ ಆ ಚೀಟಿ ನನಗೆ ಕಲಿಸಿದ್ದನ್ನೂ ಈ ವಾರ ನಿಮ್ಮ ಮುಂದೆ ಇಡುತ್ತಿದ್ದೇನೆ.

ಗಾಯಗೊಂಡ ಅಂಗದಲ್ಲಿ ಬೆಳೆಯುವ ರೋಗ

ಬಲಗಡೆ ಪಕ್ಕೆಲುಬಿನ ಕೆಳಗೆ ಇರುವ ಯಕೃತ್ತು ಬಹಳ ತಾಳ್ಮೆಯ ಅಂಗ. ಅದರ ಕಾಲುಭಾಗ ಗಟ್ಟಿಯಾಗಿದ್ದರೂ ದಿನದ ಕೆಲಸ ಸಾಗುತ್ತದೆ. ಈ ತಾಳ್ಮೆಯೇ ನಮ್ಮನ್ನು ಮೋಸಗೊಳಿಸುತ್ತದೆ. ಇಲ್ಲಿ ಗಡ್ಡೆ ಸಣ್ಣದಾಗಿರುವಾಗ ನೋವಿಲ್ಲ, ಜ್ವರವಿಲ್ಲ, ಹಸಿವು ಕೂಡ ಕಡಿಮೆಯಾಗುವುದಿಲ್ಲ. ಬಲಪಕ್ಕೆಯಲ್ಲಿ ನೋವು, ತೂಕ ಇಳಿಯುವುದು, ಹೊಟ್ಟೆಯಲ್ಲಿ ನೀರು ತುಂಬುವುದು, ಕಣ್ಣು ಹಳದಿಯಾಗುವುದು, ಇವೆಲ್ಲ ಕಾಣಿಸುವ ಹೊತ್ತಿಗೆ ಸಾಮಾನ್ಯವಾಗಿ ತಡವಾಗಿರುತ್ತದೆ.

ಚೆನ್ನಾಗಿರುವ ಯಕೃತ್ತಿನಲ್ಲಿ ಈ ಕ್ಯಾನ್ಸರ್ ಹುಟ್ಟುವುದು ಅಪರೂಪ. ಬಹುಪಾಲು ಇದು ಬಹಳ ವರ್ಷ ಗಾಯಗೊಂಡು, ಕಲೆಗಟ್ಟಿ, ಗಂಟುಗಂಟಾದ ಯಕೃತ್ತಿನಲ್ಲಿಯೇ ಬೆಳೆಯುತ್ತದೆ. ಆ ಸ್ಥಿತಿಗೆ ಸಿರೋಸಿಸ್ ಎಂದು ಹೆಸರು. ಗಾಯ ಮಾಡುವವರು ಯಾರು? ಹೆಪಟೈಟಿಸ್ ಬಿ ಮತ್ತು ಸಿ ಎಂಬ ವೈರಸ್ಸುಗಳು, ಮದ್ಯ, ಸಕ್ಕರೆ ಕಾಯಿಲೆ ಮತ್ತು ಬೊಜ್ಜಿನ ಜೊತೆಗೆ ಬರುವ ಯಕೃತ್ತಿನ ಕೊಬ್ಬು. ಇವುಗಳಲ್ಲಿ ಹೆಪಟೈಟಿಸ್ ಬಿ ಸಿರೋಸಿಸ್ ಇಲ್ಲದೆಯೂ ನೇರವಾಗಿ ಕ್ಯಾನ್ಸರ್ ತರಬಲ್ಲದು.

ನಮ್ಮ ಹಿರೇಕೆರೂರು, ಹಾನಗಲ್ ಕಡೆಯ ರೈತರು ಗಮನಿಸಬೇಕಾದ ಇನ್ನೊಂದು ಕಾರಣವಿದೆ. ಗೋವಿನಜೋಳ, ಶೇಂಗಾ ಸರಿಯಾಗಿ ಒಣಗದೆ ಚೀಲ ಸೇರಿದರೆ ಅದರ ಮೇಲೆ ಒಂದು ಬಗೆಯ ಬೂಷ್ಟು ಬೆಳೆಯುತ್ತದೆ. ಆ ಬೂಷ್ಟು ಉಗುಳುವ ಅಫ್ಲಾಟಾಕ್ಸಿನ್ ಎಂಬ ವಿಷ ಯಕೃತ್ತಿನ ಕ್ಯಾನ್ಸರಿಗೆ ದಾರಿ ಮಾಡುತ್ತದೆ. ಹೆಪಟೈಟಿಸ್ ಬಿ ಇದ್ದವರಲ್ಲಿ ಅಪಾಯ ಹಲವು ಪಟ್ಟು ಹೆಚ್ಚು. 1974ರಲ್ಲಿ ಗುಜರಾತ್ ಮತ್ತು ರಾಜಸ್ಥಾನದ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಗೋವಿನಜೋಳ ತಿಂದು ನೂರಕ್ಕೂ ಹೆಚ್ಚು ಜನ ಯಕೃತ್ತು ಕೆಟ್ಟು ಸತ್ತರು. ಹುರಿದರೆ, ಕುದಿಸಿದರೆ ಈ ವಿಷ ಪೂರ್ತಿ ಹೋಗುವುದಿಲ್ಲ. ಬೂಷ್ಟು ಹಿಡಿದ ಕಾಳನ್ನು ಆರಿಸಿ ಎಸೆಯಬೇಕೇ ಹೊರತು ತೊಳೆದು ಬೀಸಿಸಬಾರದು.

ಕಳೆ ಮತ್ತು ಕಾಲುವೆ

ಕ್ಯಾನ್ಸರ್ ಬಂದಮೇಲೆ ಗಡ್ಡೆ ಸಣ್ಣದಿದ್ದರೆ ಕತ್ತರಿಸಿ ತೆಗೆಯಬಹುದು, ಸೂಜಿ ಚುಚ್ಚಿ ಸುಡಬಹುದು, ಕೆಲವರಿಗೆ ಯಕೃತ್ತಿನ ಕಸಿ ಮಾಡಬಹುದು. ಗುಣವಾಗುವ ದಾರಿ ಎಂದರೆ ಇವೇ. ಇದಕ್ಕಿಂತ ಸ್ವಲ್ಪ ಮುಂದುವರಿದಿದ್ದರೆ, ಗಡ್ಡೆಗೆ ಹೋಗುವ ರಕ್ತನಾಳದಲ್ಲಿ ನಳಿಕೆ ತೂರಿಸಿ ಔಷಧ ಕೊಟ್ಟು ನಾಳ ಮುಚ್ಚುವ ಕ್ರಮವಿದೆ. ಅದನ್ನೂ ದಾಟಿ ರೋಗ ಹರಡಿದವರಿಗೆ ಬಹಳ ಕಾಲ ನಮ್ಮ ಬಳಿ ಏನೂ ಇರಲಿಲ್ಲ. ಬೇರೆ ಕ್ಯಾನ್ಸರುಗಳಿಗೆ ಕೊಡುವ ಕಿಮೋಥೆರಪಿ ಇದಕ್ಕೆ ಅಷ್ಟಾಗಿ ಬಗ್ಗುವುದಿಲ್ಲ.

2007ರಲ್ಲಿ ಸೊರಾಫೆನಿಬ್ ಎಂಬ ಮಾತ್ರೆ ಬಂತು. ಔಷಧವಿಲ್ಲದ ಮಾತ್ರೆ ನುಂಗಿದವರು ಸರಾಸರಿ 8 ತಿಂಗಳು ಬದುಕಿದರೆ ಇದನ್ನು ನುಂಗಿದವರು ಸುಮಾರು 11 ತಿಂಗಳು ಬದುಕಿದರು. ಮೂರೇ ತಿಂಗಳ ಲಾಭ. ಆದರೂ ಮುಂದಿನ ಹತ್ತು ವರ್ಷ ಅದೇ ದೊಡ್ಡ ಔಷಧವಾಗಿತ್ತು.

ಹೊಸದಾಗಿ ಬಂದದ್ದು ಪ್ರತಿಕಾಯ ಚಿಕಿತ್ಸೆ. ಪ್ರತಿಕಾಯ ಎಂದರೆ ರೋಗಾಣುಗಳ ಮೇಲೆ ಗುರಿಯಿಟ್ಟು ಅಂಟಿಕೊಳ್ಳಲು ನಮ್ಮ ದೇಹವೇ ತಯಾರಿಸುವ ಪ್ರೋಟೀನು. ಅದೇ ಬಗೆಯ ಪ್ರೋಟೀನನ್ನು ಕಾರ್ಖಾನೆಯಲ್ಲಿ ತಯಾರಿಸಿ, ಬೇಕಾದ ಗುರಿಗೆ ಅಂಟುವಂತೆ ಮಾಡಿ, ಸಲೈನಿನಂತೆ ರಕ್ತಕ್ಕೆ ಏರಿಸುತ್ತಾರೆ.

ಹಾನಗಲ್ಲಿನ ಭತ್ತದ ಗದ್ದೆ ಕಂಡವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಕಾಡುಭತ್ತ ಪೈರಿನ ನಡುವೆ ನಿಂತರೆ ಕಳೆ ತೆಗೆಯುವ ಹೆಣ್ಣುಮಕ್ಕಳ ಕಣ್ಣೂ ಮೋಸಹೋಗುತ್ತದೆ. ಕ್ಯಾನ್ಸರ್ ಕಣವೂ ಹಾಗೆಯೇ. ದೇಹದ ಕಾವಲಿನ ಬಿಳಿ ರಕ್ತಕಣಗಳಿಗೆ ತಾನು ಮನೆಯವನೇ ಎಂಬ ಗುರುತು ತೋರಿಸಿ ತಪ್ಪಿಸಿಕೊಳ್ಳುತ್ತದೆ. ಅಟೆಜೊಲಿಜುಮ್ಯಾಬ್ ಎಂಬ ಪ್ರತಿಕಾಯ ಆ ಸುಳ್ಳು ಗುರುತನ್ನು ಮುಚ್ಚಿಬಿಡುತ್ತದೆ. ಆಗ ಕಾವಲಿನ ಕಣಗಳು ಕಳೆಯನ್ನು ಕಳೆ ಎಂದೇ ಕಂಡು ಕೀಳತೊಡಗುತ್ತವೆ. ಕಾವಲು ಕಣಗಳಿಗೆ ಹೀಗೆ ಕಡಿವಾಣ ಬೀಳುವ ಬಗೆಯನ್ನು ಕಂಡುಹಿಡಿದ ಅಮೆರಿಕದ ಜೇಮ್ಸ್ ಅಲಿಸನ್ ಮತ್ತು ಜಪಾನಿನ ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಇದೊಂದೇ ಸಾಲದು. ಯಕೃತ್ತಿನ ಗಡ್ಡೆ ತನಗೆ ಬೇಕಾದ ರಕ್ತನಾಳಗಳನ್ನು ತಾನೇ ಬೆಳೆಸಿಕೊಳ್ಳುತ್ತದೆ. ಅದಕ್ಕಾಗಿ ಅದು ಹೊರಬಿಡುವ ರಾಸಾಯನಿಕವೇ ಕಾವಲು ಕಣಗಳನ್ನೂ ಮಂಕಾಗಿಸುತ್ತದೆ. ಬೆವಾಸಿಜುಮ್ಯಾಬ್ ಎಂಬ ಇನ್ನೊಂದು ಔಷಧ ಈ ರಾಸಾಯನಿಕವನ್ನು ಹಿಡಿದುಕೊಳ್ಳುತ್ತದೆ. ಅಂದರೆ ಒಂದು ಔಷಧ ಕಳೆಯ ವೇಷ ಕಳಚುತ್ತದೆ, ಇನ್ನೊಂದು ಕಳೆಗೆ ನೀರು ಹರಿಸುವ ಕಾಲುವೆಯನ್ನು ಕಟ್ಟುತ್ತದೆ. ಇವೆರಡನ್ನೂ ಮೂರು ವಾರಕ್ಕೊಮ್ಮೆ ಒಟ್ಟಿಗೆ ಕೊಡುವುದೇ ಜೋಡಿ ಚಿಕಿತ್ಸೆ.

ಅಂಕಿಗಳು ಹೇಳುವುದೇನು?

2020ರ ಮೇ ತಿಂಗಳಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹಲವು ದೇಶಗಳ 501 ರೋಗಿಗಳಿದ್ದರು. ಎರಡು ಪಾಲು ಜನರಿಗೆ ಈ ಜೋಡಿ, ಒಂದು ಪಾಲು ಜನರಿಗೆ ಹಳೆಯ ಸೊರಾಫೆನಿಬ್ ಮಾತ್ರೆ. ಮುಂದೆ ಕಾದು ನೋಡಿದಾಗ ಮಾತ್ರೆಯವರ ಸರಾಸರಿ ಬದುಕು 13.4 ತಿಂಗಳಾದರೆ ಜೋಡಿಯವರದು 19.2 ತಿಂಗಳು. ಗಡ್ಡೆ ಗಣನೀಯವಾಗಿ ಕುಗ್ಗಿದ್ದು ಮಾತ್ರೆಯವರಲ್ಲಿ ನೂರಕ್ಕೆ 11 ಜನರಿಗೆ, ಜೋಡಿಯವರಲ್ಲಿ ನೂರಕ್ಕೆ 30 ಜನರಿಗೆ. ಕೆಲವರಲ್ಲಿ ಗಡ್ಡೆ ಸ್ಕ್ಯಾನಿಂಗಿನಲ್ಲಿ ಕಾಣದಷ್ಟು ಕರಗಿತು.

ಇದು ಸಣ್ಣ ಮಾತಲ್ಲ. ಆರು ತಿಂಗಳು ಎಂದರೆ ಒಬ್ಬ ತಂದೆಗೆ ಮಗಳ ಮದುವೆ ಕಾಣುವಷ್ಟು ಕಾಲ. ಆದರೆ ಇದನ್ನು 'ಗುಣಪಡಿಸುವ ಇಂಜೆಕ್ಷನ್' ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನೂರರಲ್ಲಿ ಎಪ್ಪತ್ತು ಜನರಿಗೆ ಗಡ್ಡೆ ಅಷ್ಟಾಗಿ ಕುಗ್ಗಲಿಲ್ಲ ಎಂಬುದೂ ಅದೇ ಅಂಕಿಯೊಳಗಿದೆ.

ಇನ್ನೊಂದು ಜೋಡಿ 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಟ್ರೆಮೆಲಿಮುಮ್ಯಾಬ್ ಒಂದೇ ಒಂದು ಸಲ, ಡರ್ವಾಲುಮ್ಯಾಬ್ ತಿಂಗಳಿಗೊಮ್ಮೆ. ನಿವೊಲುಮ್ಯಾಬ್ ಮತ್ತು ಇಪಿಲಿಮುಮ್ಯಾಬ್ ಜೋಡಿಗೆ 2025ರಲ್ಲಿ ಒಪ್ಪಿಗೆ ಸಿಕ್ಕಿತು. ಪ್ರತಿಕಾಯದ ಜೊತೆ ದಿನನಿತ್ಯದ ಮಾತ್ರೆ ಸೇರಿಸುವ ಪ್ರಯತ್ನಗಳೂ ನಡೆದಿವೆ. ಅದರಲ್ಲಿ ಕ್ಯಾಮ್ರೆಲಿಜುಮ್ಯಾಬ್ ಜೊತೆ ರಿವೊಸೆರಾನಿಬ್ ಮಾತ್ರೆ ಕೊಟ್ಟ ಪ್ರಯೋಗ ಗೆದ್ದಿತು. ಸೊರಾಫೆನಿಬ್ ಪಡೆದವರ 15.2 ತಿಂಗಳಿಗೆ ಎದುರಾಗಿ ಆ ಜೋಡಿಯವರು ಸರಾಸರಿ 22.1 ತಿಂಗಳು ಬದುಕಿದರು. ಆದರೆ ಲೆನ್ವಾಟಿನಿಬ್ ಮಾತ್ರೆಯ ಜೊತೆ ಪೆಂಬ್ರೊಲಿಜುಮ್ಯಾಬ್ ಸೇರಿಸಿದ್ದು ಮಾತ್ರೆ ಒಂದನ್ನೇ ಕೊಟ್ಟದ್ದಕ್ಕಿಂತ ಮೇಲು ಎಂದು ಸಾಬೀತಾಗಲಿಲ್ಲ. ಕ್ಯಾಬೊಜಾಂಟಿನಿಬ್ ಮಾತ್ರೆಯನ್ನು ಅಟೆಜೊಲಿಜುಮ್ಯಾಬ್ ಜೊತೆ ಸೇರಿಸಿದಾಗಲೂ ಆಯುಷ್ಯ ಹೆಚ್ಚಲಿಲ್ಲ. ಆದ್ದರಿಂದ ಎರಡು ಔಷಧ ಕೂಡಿಸಿದರೆ ಫಲವೂ ಎರಡು ಪಟ್ಟು ಎಂದು ತಿಳಿಯಬೇಡಿ. ಯಾವುದರ ಜೊತೆ ಯಾವುದು ಎಂಬುದು ಪರೀಕ್ಷೆಯಲ್ಲಿ ಗೆದ್ದಿರಬೇಕು.

ಬಾಗಿಲಲ್ಲಿ ಕೇಳುವ ಪ್ರಶ್ನೆ

ಈಗ ನಾನು ಹೇಳಲೇಬೇಕಾದ ಮಾತಿಗೆ ಬರುತ್ತೇನೆ. 2020ರ ಆ ಪ್ರಯೋಗಕ್ಕೆ ಸೇರಿಸಿಕೊಂಡದ್ದು ಯಕೃತ್ತಿನ ಕೆಲಸ ಇನ್ನೂ ಚೆನ್ನಾಗಿ ನಡೆಯುತ್ತಿದ್ದವರನ್ನು ಮಾತ್ರ. ಕಾಮಣಿ ಏರಿದವರು, ಹೊಟ್ಟೆಯಲ್ಲಿ ನೀರು ತುಂಬಿದವರು, ಮಂಪರು ಕವಿದವರು ಅದರಲ್ಲಿ ಇರಲಿಲ್ಲ. ವೈದ್ಯರು ಐದು ಅಂಶ ನೋಡಿ ಯಕೃತ್ತಿಗೆ ಎ, ಬಿ, ಸಿ ಎಂದು ದರ್ಜೆ ಕೊಡುತ್ತಾರೆ: ರಕ್ತದಲ್ಲಿ ಪಿತ್ತದ ಬಣ್ಣ, ಅಲ್ಬುಮಿನ್ ಎಂಬ ಪ್ರೋಟೀನು, ರಕ್ತ ಹೆಪ್ಪುಗಟ್ಟುವ ಸಮಯ, ಹೊಟ್ಟೆಯ ನೀರು, ಮನಸ್ಸಿನ ಎಚ್ಚರ. ಎ ದರ್ಜೆಯವರಿಗೆ ಜೋಡಿ ಚಿಕಿತ್ಸೆಯ ಲಾಭ ಸಾಬೀತಾಗಿದೆ. ಬಿ ದರ್ಜೆಯವರಲ್ಲಿ ತಜ್ಞರು ಬಹಳ ಯೋಚಿಸಿ ಕೊಡಬೇಕಾಗುತ್ತದೆ. ಸಿ ದರ್ಜೆಯವರಿಗೆ ಇದು ಸಲ್ಲುವುದಿಲ್ಲ. ಯಕೃತ್ತೇ ಸೋತಮೇಲೆ ಗಡ್ಡೆಯನ್ನು ಕುಗ್ಗಿಸಿ ಪ್ರಯೋಜನವಿಲ್ಲ.

ಜನ ಮೊದಲು ಹಣದ ಬಗ್ಗೆ ಕೇಳುತ್ತಾರೆ. ಮೊದಲು ಕೇಳಬೇಕಾದದ್ದು ಯಕೃತ್ತಿನ ದರ್ಜೆ. ಹೊಲ ಮಾರಿ ಹಣ ತರಬಹುದು. ಕೆಟ್ಟು ಕೂತ ಯಕೃತ್ತಿನ ದರ್ಜೆಯನ್ನು ಯಾವ ಹಣವೂ ಕೊಂಡು ತರಲಾರದು.

ಎರಡನೆಯದಾಗಿ, ಬೆವಾಸಿಜುಮ್ಯಾಬ್ ರಕ್ತಸ್ರಾವ ತರಬಹುದು. ಸಿರೋಸಿಸ್ ಇದ್ದವರ ಅನ್ನನಾಳದಲ್ಲಿ ನರಗಳು ಉಬ್ಬಿಕೊಂಡಿರುತ್ತವೆ. ಆದ್ದರಿಂದ ಚಿಕಿತ್ಸೆಗೆ ಮುಂಚೆ ಬಾಯಿಯಿಂದ ದುರ್ಬೀನು ಹಾಕಿ ನೋಡಿ, ಅಪಾಯದ ನರಗಳಿದ್ದರೆ ಅವಕ್ಕೆ ರಬ್ಬರ್ ಬ್ಯಾಂಡ್ ಕಟ್ಟಿ ಮುಂದುವರಿಯಬೇಕು. 'ಎಂಡೋಸ್ಕೋಪಿ ಏಕೆ, ಅದೊಂದು ಖರ್ಚು' ಎನ್ನಬೇಡಿ. ಅಂಥ ಅಪಾಯ ಹೆಚ್ಚಿರುವವರಿಗೆ ಬೆವಾಸಿಜುಮ್ಯಾಬ್ ಇಲ್ಲದ ಇನ್ನೊಂದು ಜೋಡಿಯನ್ನು ತಜ್ಞರು ಆರಿಸಬಹುದು.

ಮೂರನೆಯದಾಗಿ, ಹೆಪಟೈಟಿಸ್ ಬಿ ಇದ್ದವರು ಈ ಚಿಕಿತ್ಸೆಯ ಜೊತೆಗೆ ವೈರಸ್ ಅಡಗಿಸುವ ಟೆನೊಫೊವಿರ್ ಅಥವಾ ಎಂಟೆಕಾವಿರ್ ಮಾತ್ರೆಯನ್ನು ದಿನಾ ನುಂಗಲೇಬೇಕು. ಇಲ್ಲದಿದ್ದರೆ ಮಲಗಿದ್ದ ವೈರಸ್ ಎದ್ದು ಯಕೃತ್ತನ್ನು ಕೆಡಿಸುತ್ತದೆ. ಲಕ್ಷದ ಇಂಜೆಕ್ಷನ್ ಈ ಅಗ್ಗದ ಮಾತ್ರೆಯ ಆಸರೆ ಇಲ್ಲದೆ ನಿಲ್ಲುವುದಿಲ್ಲ. ಯಕೃತ್ತಿನ ಕಸಿ ಮಾಡಿಸಿಕೊಂಡವರು ಮಾತ್ರ ಇಂಥ ಪ್ರತಿಕಾಯಗಳಿಂದ ಬಹಳ ಎಚ್ಚರವಾಗಿರಬೇಕು. ಕಾವಲು ಕಣಗಳು ಎಚ್ಚೆತ್ತು ಕಸಿಯ ಅಂಗದ ಮೇಲೇ ತಿರುಗಿಬೀಳಬಹುದು.

ಮನೆಯವರು ಕಾಯಬೇಕಾದದ್ದು

ಇಂಜೆಕ್ಷನ್ ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಆಗುತ್ತದೆ. ತೊಂದರೆ ಕಾಣಿಸಿಕೊಳ್ಳುವುದು ಶಿಗ್ಗಾವಿಯ, ಸವಣೂರಿನ ಮನೆಯಲ್ಲಿ, ರಾತ್ರಿ ಹನ್ನೊಂದಕ್ಕೆ. ಹಾಗಾಗಿ ಇದನ್ನು ಮನೆಯವರು ತಿಳಿದಿರಬೇಕು.

ಈ ಔಷಧಗಳಿಂದ ಕಿಮೋಥೆರಪಿಯಂತೆ ಕೂದಲು ಉದುರುವುದಿಲ್ಲ, ಸಾಮಾನ್ಯವಾಗಿ ವಾಂತಿಯ ಕಾಟವೂ ಕಡಿಮೆ. ಆದರೆ ಎಚ್ಚೆತ್ತ ಕಾವಲು ಕಣಗಳು ಕೆಲವೊಮ್ಮೆ ನಮ್ಮದೇ ಅಂಗಗಳನ್ನು ಕಚ್ಚುತ್ತವೆ. ಕರುಳನ್ನು ಕಚ್ಚಿದರೆ ಬಿಡದ ಭೇದಿ, ಶ್ವಾಸಕೋಶವನ್ನು ಕಚ್ಚಿದರೆ ಒಣಕೆಮ್ಮು ಮತ್ತು ಏದುಸಿರು, ಥೈರಾಯ್ಡ್ ಗ್ರಂಥಿಯನ್ನು ಕಚ್ಚಿದರೆ ತಡೆಯಲಾರದ ಆಯಾಸ, ಚರ್ಮವನ್ನು ಕಚ್ಚಿದರೆ ತುರಿಕೆ ಮತ್ತು ಗಂಧೆ. ಬೆವಾಸಿಜುಮ್ಯಾಬ್‌ನಿಂದ ರಕ್ತದೊತ್ತಡ ಏರಬಹುದು, ಮೂತ್ರದಲ್ಲಿ ಪ್ರೋಟೀನು ಹೋಗಬಹುದು. ರಕ್ತವಾಂತಿ ಅಥವಾ ಡಾಂಬರಿನಂಥ ಕಪ್ಪು ಮಲ ಕಂಡರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೊರಡಬೇಕು. ಹಲ್ಲು ಕೀಳಿಸುವುದು, ಸಣ್ಣ ಆಪರೇಶನ್, ಯಾವುದನ್ನೂ ತಜ್ಞರಿಗೆ ತಿಳಿಸದೆ ಮಾಡಿಸಬಾರದು, ಗಾಯ ಬೇಗ ಮಾಯುವುದಿಲ್ಲ.

ನನ್ನಂಥ ಸಾಮಾನ್ಯ ವೈದ್ಯರು ಭೇದಿಗೆ ಭೇದಿಯ ಮಾತ್ರೆ, ಕೆಮ್ಮಿಗೆ ಕೆಮ್ಮಿನ ಔಷಧ ಕೊಟ್ಟು ಕಳಿಸಿಬಿಡುವ ಅಪಾಯ ಇಲ್ಲಿದೆ. ಈ ತೊಂದರೆಗಳಿಗೆ ಹಲವು ಬಾರಿ ಬೇಕಾಗುವುದು ಸ್ಟೀರಾಯ್ಡ್, ಅದೂ ಬೇಗ. ಆದ್ದರಿಂದ ರೋಗಿಯ ಅಂಗಿಯ ಕಿಸೆಯಲ್ಲಿ ಒಂದು ಚೀಟಿ ಸದಾ ಇರಲಿ. ಯಾವ ಔಷಧ, ಯಾವ ತಾರೀಖಿಗೆ ಕೊಟ್ಟರು, ಕ್ಯಾನ್ಸರ್ ತಜ್ಞರ ಫೋನ್ ನಂಬರ್ ಏನು, ಇಷ್ಟು ಬರೆದಿದ್ದರೆ ಸಾಕು. ಔಷಧ ನಿಲ್ಲಿಸಿ ಕೆಲವು ತಿಂಗಳಾದಮೇಲೂ ಇಂಥ ತೊಂದರೆ ಬರಬಹುದು, ಚೀಟಿ ಬಿಸಾಡಬೇಡಿ.

ಹಣದ ಮಾತು

ಹಣದ ಮಾತು ಆಡದೆ ಮುಂದೆ ಹೋದರೆ ನಾನು ನಿಮಗೆ ಅನ್ಯಾಯ ಮಾಡಿದಂತೆ. ಈ ಪ್ರತಿಕಾಯಗಳ ಲೆಕ್ಕ ಲಕ್ಷದ ಲೆಕ್ಕ, ಅದೂ ಮೂರು ವಾರಕ್ಕೊಮ್ಮೆ. ಆದರೆ ಔಷಧದ ಬೆಲೆ ದೇವರು ಬರೆದದ್ದಲ್ಲ. ಸೊರಾಫೆನಿಬ್ ಮಾತ್ರೆಗೆ ಒಂದು ಕಾಲದಲ್ಲಿ ತಿಂಗಳಿಗೆ ಸುಮಾರು 2.80 ಲಕ್ಷ ರೂಪಾಯಿ ಇತ್ತು. 2012ರ ಮಾರ್ಚಿನಲ್ಲಿ ಸರಕಾರದ ಪೇಟೆಂಟ್ ಕಚೇರಿ, ಜನರ ಕೈಗೆಟುಕದ ಬೆಲೆ ಇದು ಎಂದು ಹೇಳಿ, ಹೈದರಾಬಾದಿನ ನ್ಯಾಟ್ಕೊ ಕಂಪನಿಗೆ ಕಡ್ಡಾಯ ಲೈಸೆನ್ಸ್ ಕೊಟ್ಟಿತು. ದೇಶದಲ್ಲಿ ಅಂಥ ಲೈಸೆನ್ಸ್ ಅದೇ ಮೊದಲು. ನ್ಯಾಟ್ಕೊ ತಿಂಗಳ ಔಷಧವನ್ನು 8,800 ರೂಪಾಯಿಗೆ ಕೊಟ್ಟಿತು. ಮೂಲ ಕಂಪನಿ ಬಾಯರ್ ಸುಪ್ರೀಂ ಕೋರ್ಟಿನವರೆಗೆ ಹೋಗಿ 2014ರಲ್ಲಿ ಸೋತಿತು. ಜೋಡಿಯ ಅರ್ಧಭಾಗವಾದ ಬೆವಾಸಿಜುಮ್ಯಾಬ್‌ಗೆ ಹೋಲುವ ಔಷಧ ನಮ್ಮ ದೇಶದಲ್ಲೇ ತಯಾರಾಗುತ್ತದೆ. ಬೆಂಗಳೂರಿನ ಬಯೋಕಾನ್ ತನ್ನದನ್ನು 2017ರಲ್ಲಿ ಮಾರುಕಟ್ಟೆಗೆ ತಂದಿತು. ಉಳಿದರ್ಧವೂ ಒಂದು ದಿನ ಆ ದಾರಿಗೆ ಬರಬೇಕು. ಬರುವಂತೆ ಒತ್ತಾಯಿಸುವುದು ಸರಕಾರದ ಕೆಲಸ.

ಅಲ್ಲಿಯವರೆಗೆ, ಹೊಲದ ಪತ್ರ ತೆಗೆಯುವ ಮುನ್ನ ತಜ್ಞರಿಗೆ ಈ ಪ್ರಶ್ನೆಗಳನ್ನು ಕೇಳಿ. ರೋಗಿಯ ಯಕೃತ್ತು ಯಾವ ದರ್ಜೆಯಲ್ಲಿದೆ? ಕತ್ತರಿಸುವ, ಸುಡುವ, ನಾಳ ಮುಚ್ಚುವ ದಾರಿಗಳು ನಿಜಕ್ಕೂ ಮುಗಿದಿವೆಯೇ? ಎಷ್ಟು ಇಂಜೆಕ್ಷನ್ ಆದಮೇಲೆ ಸ್ಕ್ಯಾನ್ ಮಾಡಿ ಫಲ ನೋಡುತ್ತೀರಿ, ಫಲವಿಲ್ಲದಿದ್ದರೆ ಯಾವಾಗ ನಿಲ್ಲಿಸುತ್ತೀರಿ? ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಎಷ್ಟು ಸಿಗುತ್ತದೆ? ಕಂಪನಿಯ ಸಹಾಯ ಯೋಜನೆ ಇದೆಯೇ? ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆ ಸರಕಾರಿ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಅವಕಾಶವಿದೆ. ಯಾವ ಔಷಧ ಪಟ್ಟಿಯಲ್ಲಿದೆ ಎಂಬುದನ್ನು ಆಸ್ಪತ್ರೆಯಲ್ಲಿ ಕೂರುವ ಆರೋಗ್ಯ ಮಿತ್ರರಿಂದ ಖಚಿತ ಮಾಡಿಕೊಳ್ಳಿ. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಯಲ್ಲೋ ಬೆಂಗಳೂರಿನ ಕಿದ್ವಾಯಿಯಲ್ಲೋ ಇನ್ನೊಂದು ಅಭಿಪ್ರಾಯ ಪಡೆಯುವುದರಲ್ಲಿ ಯಾವ ವೈದ್ಯರಿಗೂ ಅವಮಾನವಿಲ್ಲ.

'ಸಾಯೂದ ಸಾಯೂದೈತಿ, ಯಾಕ ರೊಕ್ಕ ಹಾಳು' ಎಂದು ಕೇಳದೆಯೇ ಮನೆಗೆ ಕರೆತರುವವರೂ ನಮ್ಮಲ್ಲಿದ್ದಾರೆ. ಅದೂ ಸರಿಯಲ್ಲ. ಎ ದರ್ಜೆಯ ಯಕೃತ್ತಿನ ನಲವತ್ತೈದರ ಮನುಷ್ಯನಿಗೆ ಈ ಚಿಕಿತ್ಸೆ ನಿಜವಾದ ಅವಕಾಶ. ಕೇಳದೆ ಮಾರಬೇಡಿ, ಕೇಳದೆ ಬಿಡಲೂಬೇಡಿ.

ಯಾರೂ ಕರೆಯದ ಜನ

ನನ್ನ ಅಭಿಪ್ರಾಯ ಇಷ್ಟು. ಹೊಸ ಚಿಕಿತ್ಸೆ ಬಂದದ್ದು ಸಂತೋಷ. ಆದರೆ ಅದರ ಬಾಗಿಲಿಗೆ ಎ ದರ್ಜೆಯ ಯಕೃತ್ತು ಇಟ್ಟುಕೊಂಡು ಬರುವವರು ನಮ್ಮ ನಾಲ್ಕು ತಾಲೂಕುಗಳಿಂದ ಹೆಚ್ಚಬೇಕಾದರೆ ಕೆಲಸ ಶುರುವಾಗಬೇಕಾದದ್ದು ಇಲ್ಲಿ, ಹತ್ತು ವರ್ಷ ಮೊದಲು.

ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯ ಪ್ರಕಾರ 2022ರಲ್ಲಿ ನಮ್ಮ ದೇಶದಲ್ಲಿ ಸುಮಾರು 2.98 ಕೋಟಿ ಜನರಲ್ಲಿ ಹೆಪಟೈಟಿಸ್ ಬಿ ಇತ್ತು. ಅವರಲ್ಲಿ ಬಹಳಷ್ಟು ಜನರಿಗೆ ಅದು ಗೊತ್ತೇ ಇಲ್ಲ. ಗೊತ್ತಾಗುವುದು ರಕ್ತದಾನ ಶಿಬಿರದಲ್ಲಿ, ಬಸುರಿಯ ತಪಾಸಣೆಯಲ್ಲಿ, ಆಪರೇಶನ್ ಮುಂಚೆ. ಗೊತ್ತಾದಮೇಲೆ ಏನಾಗುತ್ತದೆ? ಮದುವೆ ಸಂಬಂಧ ತಪ್ಪೀತೆಂದು ಮನೆಯವರು ಮುಚ್ಚಿಡುತ್ತಾರೆ. ನನ್ನಂಥ ವೈದ್ಯರು 'ಚಿಂತೆ ಬೇಡ' ಎಂದು ಬರೆದು ಕಳಿಸುತ್ತಾರೆ. ಈ ರೋಗ ಒಂದೇ ತಾಟಿನಲ್ಲಿ ಉಂಡರೆ, ಒಂದೇ ಮನೆಯಲ್ಲಿ ಮಲಗಿದರೆ ಬರುವುದಿಲ್ಲ. ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ, ರಕ್ತದಿಂದ, ಶುದ್ಧವಿಲ್ಲದ ಸೂಜಿಯಿಂದ, ಹಂಚಿಕೊಂಡ ಬ್ಲೇಡಿನಿಂದ, ದೈಹಿಕ ಸಂಬಂಧದಿಂದ ಬರುತ್ತದೆ.

ಹುಟ್ಟಿದ 24 ಗಂಟೆಯೊಳಗೆ ಕೂಸಿಗೆ ಲಸಿಕೆ ಕೊಟ್ಟರೆ ಈ ಸರಪಳಿ ತುಂಡಾಗುತ್ತದೆ. ತೈವಾನ್ ದೇಶ 1984ರಲ್ಲಿ ಈ ಲಸಿಕೆ ಶುರುಮಾಡಿ ಮಕ್ಕಳಲ್ಲಿ ಯಕೃತ್ತಿನ ಕ್ಯಾನ್ಸರನ್ನೇ ಇಳಿಸಿ ತೋರಿಸಿತು. ನಮ್ಮ ಸರಕಾರಿ ಲಸಿಕೆ ಪಟ್ಟಿಯಲ್ಲಿ ಇದು ದೇಶಕ್ಕೆಲ್ಲ ಸೇರಿದ್ದು 2011ರ ಹೊತ್ತಿಗೆ. ಅದಕ್ಕೂ ಮುಂಚೆ ಹುಟ್ಟಿದ ಬಹಳ ಜನರಿಗೆ, ಅಂದರೆ ಇಂದು ಮನೆ ನಡೆಸುತ್ತಿರುವ ತಲೆಮಾರಿಗೆ, ಈ ರಕ್ಷಣೆ ಸಿಕ್ಕಿಲ್ಲ. ಅವರಿಗೆ ಉಳಿದಿರುವುದು ಪರೀಕ್ಷೆ, ಮಾತ್ರೆ ಮತ್ತು ಕಾವಲು.

ಕಾವಲು ಎಂದರೆ ಆರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನಿಂಗ್, ಜೊತೆಗೆ ಎಎಫ್‌ಪಿ ಎಂಬ ರಕ್ತಪರೀಕ್ಷೆ. ಚೀನಾದ ಶಾಂಘೈಯಲ್ಲಿ 18,816 ಜನರ ಮೇಲೆ ನಡೆದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಹೀಗೆ ಆರು ತಿಂಗಳಿಗೊಮ್ಮೆ ನೋಡಿದವರಲ್ಲಿ ಯಕೃತ್ತಿನ ಕ್ಯಾನ್ಸರಿನ ಸಾವು ನೂರಕ್ಕೆ 37ರಷ್ಟು ಕಡಿಮೆಯಾಗಿತ್ತು, ಕರೆದವರೆಲ್ಲ ತಪ್ಪದೆ ಬರದಿದ್ದರೂ ಸಹ. ಯಾವ ಕಾರಣಕ್ಕೇ ಆಗಲಿ ಸಿರೋಸಿಸ್ ಆದವರೆಲ್ಲರೂ, ಹೆಪಟೈಟಿಸ್ ಬಿ ಇರುವ ನಲವತ್ತು ದಾಟಿದ ಗಂಡಸರು, ಐವತ್ತು ದಾಟಿದ ಹೆಂಗಸರು, ಮನೆಯಲ್ಲಿ ಯಾರಿಗಾದರೂ ಈ ಕ್ಯಾನ್ಸರ್ ಬಂದಿದ್ದವರು ಇದನ್ನು ತಪ್ಪಿಸಬಾರದು.

2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಮಾತ್ರೆಯೂ ಉಚಿತ. ಆದರೆ ಕ್ಷಯರೋಗಿಯ ಮನೆಗೆ ಆಶಾ ಕಾರ್ಯಕರ್ತೆ ಹೋಗಿ ಕೇಳುವಂತೆ, ಹೆಪಟೈಟಿಸ್ ಬಿ ಇದ್ದವರನ್ನು ಆರು ತಿಂಗಳಿಗೊಮ್ಮೆ ಹೆಸರು ಹಿಡಿದು ಕರೆಯುವವರು ನನ್ನ ಕಣ್ಣಿಗೆ ಬಿದ್ದಿಲ್ಲ. ನಮ್ಮ ತಾಲೂಕು ಆಸ್ಪತ್ರೆಗಳಲ್ಲಿ ಅವರದೊಂದು ಪಟ್ಟಿ ಇರಬೇಕು. ವಾರದಲ್ಲಿ ಒಂದು ದಿನ ಅವರ ಸ್ಕ್ಯಾನಿಂಗಿಗೆ ಮೀಸಲಿರಬೇಕು. ಇದಕ್ಕೆ ಲಕ್ಷಗಟ್ಟಲೆ ಬೇಕಿಲ್ಲ. ಒಂದು ರಜಿಸ್ಟರು, ಒಂದು ಯಂತ್ರ, ಅದನ್ನು ನೋಡಬಲ್ಲ ಒಬ್ಬ ತಜ್ಞ ಬೇಕು.

ಖಾಸಗಿ ವೈದ್ಯರಾದ ನಾವೂ ಕೈಕಟ್ಟಿ ಕೂರಬೇಕಾಗಿಲ್ಲ. ಆ ಯುವಕ ಬಂದುಹೋದ ವಾರವೇ ನಾನು ಒಂದು ನೋಟುಪುಸ್ತಕ ತಂದೆ. ಪಾಸಿಟಿವ್ ಬಂದವರ ಹೆಸರು, ಊರು, ಮುಂದಿನ ಸ್ಕ್ಯಾನಿಂಗಿನ ತಾರೀಖು ಅದರಲ್ಲಿ ಬರೆಯುತ್ತೇನೆ. ತಾರೀಖು ದಾಟಿದವರಿಗೆ ಕಂಪೌಂಡರ್ ಫೋನ್ ಮಾಡುತ್ತಾನೆ.

ಅವನ ಪ್ರಶ್ನೆಗೆ ಸಿಕ್ಕ ಉತ್ತರ

ಆ ತಂದೆಯನ್ನು ನಾವು ತಜ್ಞರಿಗೆ ತೋರಿಸಿದೆವು. ಅಷ್ಟರಲ್ಲಿ ಅವರಿಗೆ ಕಾಮಣಿ ಏರಿತ್ತು, ಹೊಟ್ಟೆಯಲ್ಲಿ ನೀರು ತುಂಬಿತ್ತು. ಮೊದಲು ಕಣ್ಣು ಹಳದಿಯಾದಾಗ ಎರಡು ತಿಂಗಳು ನಾಟಿ ಔಷಧ ಕುಡಿದು, ಕೈಗೆ ಬರೆ ಹಾಕಿಸಿಕೊಂಡು ಕಾಲ ಕಳೆದಿದ್ದರು. ಯಕೃತ್ತು ಸಿ ದರ್ಜೆಗೆ ಇಳಿದಿತ್ತು. ಜೋಡಿ ಚಿಕಿತ್ಸೆ ಬೇಡ ಎಂದು ತಜ್ಞರು ನೇರವಾಗಿ ಹೇಳಿದರು, ನೋವಿಗೂ ಹೊಟ್ಟೆಯ ನೀರಿಗೂ ಔಷಧ ಕೊಟ್ಟರು. ಹೊಲ ಉಳಿಯಿತು. ಅವರು ದೀಪಾವಳಿ ಕಳೆದ ಮೇಲೆ ಮನೆಯಲ್ಲೇ ತೀರಿಕೊಂಡರು. ನಾಟಿ ಔಷಧದವನನ್ನು ಬೈಯುವುದು ಸುಲಭ. ಆದರೆ ಅವನಿಗಿಂತ ಹತ್ತು ವರ್ಷ ಮೊದಲು ತಪ್ಪಿದವನು ನಾನು.

ಮಣ್ಣಿಗೆ ಹೋದಾಗ ನಾನು ಆ ಯುವಕನಿಗೆ, 'ನಿಮ್ಮ ಮನೆಯವರೆಲ್ಲರ ರಕ್ತ ಪರೀಕ್ಷೆ ಆಗಬೇಕು' ಎಂದೆ. ತಾಯಿಗೂ ಅವನಿಗೂ ಇರಲಿಲ್ಲ. ಅವರಿಬ್ಬರಿಗೂ ಲಸಿಕೆಯ ಮೂರು ಡೋಸು ಹಾಕಿಸಿದ್ದಾಯಿತು. ಚಿಕ್ಕಪ್ಪನಿಗೆ ಇತ್ತು. ಅವರ ವಯಸ್ಸು ನಲವತ್ತಾರು. ಸ್ಕ್ಯಾನಿಂಗಿನಲ್ಲಿ ಗಡ್ಡೆಯಿಲ್ಲ, ಯಕೃತ್ತು ಎ ದರ್ಜೆಯಲ್ಲೇ ಇದೆ. ಮಾತ್ರೆ ಶುರುವಾಗಿದೆ. ನನ್ನ ನೋಟುಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಮುಂದಿನ ತಾರೀಖು ಇದೆ.

ಓದುಗರಲ್ಲಿ ನನ್ನದೊಂದು ವಿನಂತಿ. ಪ್ರತಿ ಮನೆಯಲ್ಲೂ ಟ್ರಂಕಿನಲ್ಲೋ ಅಲಮಾರಿನ ಮೇಲೋ ಹಳೆಯ ರಿಪೋರ್ಟುಗಳ ಒಂದು ಚೀಲ ಇರುತ್ತದೆ. ಈ ಭಾನುವಾರ ಅದನ್ನು ಇಳಿಸಿ ನೋಡಿ. ಹೆಪಟೈಟಿಸ್ ಬಿ ಅಥವಾ ಸಿ ಎಂಬ ಸಾಲಿನ ಮುಂದೆ ಪಾಸಿಟಿವ್ ಎಂದು ಎಲ್ಲಾದರೂ ಇದ್ದರೆ, ಆ ಕಾಗದ ಎಷ್ಟೇ ಹಳೆಯದಾಗಿರಲಿ, ಅದರ ಮೇಲೆ ಯಾವ ವೈದ್ಯ 'ಚಿಂತೆ ಬೇಡ' ಎಂದು ಬರೆದಿರಲಿ, ಸೋಮವಾರ ಅದನ್ನು ಹಿಡಿದುಕೊಂಡು ದವಾಖಾನೆಗೆ ಹೋಗಿ, 'ಮುಂದಿನ ಸ್ಕ್ಯಾನಿಂಗ್ ಯಾವಾಗ?' ಎಂದು ಕೇಳಿ.